ಜಿಗ್‌ಸಾದ ಅಪರೂಪದ ಬ್ಲೇಡ್‌ಗಳು: ಉಲ್ಟಾ ಹಲ್ಲು, ಸಪೂರ ಬೆನ್ನು, ಹಲ್ಲೇ ಇಲ್ಲದ್ದು

ಜಿಗ್‌ಸಾ ಎಂದರೆ ಬ್ಲೇಡ್ ಮೇಲೆ ಕೆಳಗೆ ಆಡುತ್ತ ಕೊಯ್ಯುವ, ಕೈಯಲ್ಲಿ ಹಿಡಿಯುವ ಗರಗಸದ ಮಷೀನು. ಶಿರಸಿಯಲ್ಲಾಗಲಿ ಕಾರವಾರದಲ್ಲಾಗಲಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಜಿಗ್‌ಸಾ ಬ್ಲೇಡ್ ಕೊಡಿ ಎಂದರೆ ಹೆಚ್ಚಾಗಿ ಬರುವ ಪ್ರಶ್ನೆ ಒಂದೇ: ಮರಕ್ಕೋ, ಕಬ್ಬಿಣಕ್ಕೋ? ಮರಕ್ಕೆ ಎಂದರೆ ದೊಡ್ಡ ಹಲ್ಲಿನ ಒರಟು ಬ್ಲೇಡ್ ಕೈಗೆ ಬರುತ್ತದೆ. ಆಮೇಲೆ ಅದೇ ಬ್ಲೇಡಿನಲ್ಲಿ ಪ್ಲೈವುಡ್ ಕೊಯ್ಯುತ್ತಾರೆ, ಸನ್ಮೈಕಾ ಅಂಟಿಸಿದ ಬಾಗಿಲು ಕೊಯ್ಯುತ್ತಾರೆ, ಮತ್ತಿ ಮರದ ದಪ್ಪ ತುಂಡಿನಲ್ಲಿ ಕಮಾನು ತೆಗೆಯಲೂ ನೋಡುತ್ತಾರೆ. ಅಂಚಿನಲ್ಲಿ ಚಕ್ಕೆ ಎದ್ದರೆ, ಕೊಯ್ತ ಓರೆಯಾದರೆ ದೂರು ಮಷೀನಿನ ಮೇಲೆ. ಹೆಚ್ಚಿನ ಸಲ ಮಷೀನಿನದು ತಪ್ಪಿರುವುದಿಲ್ಲ.

ಜಿಗ್‌ಸಾದ ಗುಣ, ದೋಷ ಎರಡೂ ಅದು ಹುಟ್ಟಿದ ರೀತಿಯಲ್ಲೇ ಇವೆ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸಿಂಟಿಲ್ಲಾ ಕಂಪನಿಯ ಆಲ್ಬರ್ಟ್ ಕೌಫ್‌ಮನ್ ಹೊಲಿಗೆ ಯಂತ್ರದ ಸೂಜಿ ತೆಗೆದು ಆ ಜಾಗಕ್ಕೆ ಗರಗಸದ ಬ್ಲೇಡ್ ಸಿಕ್ಕಿಸಿ ನೋಡಿದರು. ಇಂದಿನ ಮಷೀನಿನಲ್ಲೂ ಬ್ಲೇಡ್ ಸೂಜಿಯ ಹಾಗೆಯೇ ಮೇಲೆ ಮಾತ್ರ ಹಿಡಿತದಲ್ಲಿರುತ್ತದೆ, ಕೆಳತುದಿಗೆ ಯಾವ ಆಧಾರವೂ ಇಲ್ಲ. ಹಾಗಾಗಿಯೇ ಹಲಗೆಯ ನಡುವಿನಲ್ಲಿ ಕಿಂಡಿ ತೆಗೆಯಲು ಬರುತ್ತದೆ, ದಪ್ಪ ಮರದಲ್ಲಿ ಬ್ಲೇಡ್ ಓರೆಯಾಗುವುದೂ ಅದೇ ಕಾರಣಕ್ಕೆ. ಇದರ ಜೊತೆಗೆ ಇನ್ನೊಂದು ಸಂಗತಿ ನೆನಪಿರಬೇಕು. ಮಾಮೂಲಿ ಬ್ಲೇಡಿನ ಹಲ್ಲು ಮೇಲ್ಮುಖವಾಗಿರುತ್ತದೆ, ಬ್ಲೇಡ್ ಮೇಲೆ ಬರುವಾಗ ಮಾತ್ರ ಕೊಯ್ಯುತ್ತದೆ. ಮರದ ನಾರನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಹರಿಯುವುದರಿಂದ ಚಕ್ಕೆ ಏಳುವುದು ಮೇಲಿನ ಮುಖದಲ್ಲಿ. ಚೆಂದದ ಮುಖವನ್ನು ಕೆಳಗೆ ಮಾಡಿ, ಹಿಂಬದಿಯಲ್ಲಿ ಗೆರೆ ಎಳೆದು ಕೊಯ್ಯಬೇಕು ಎನ್ನುವುದು ಇದಕ್ಕೇ.

ವಿಚಿತ್ರವಾಗಿ ಕಾಣುವ ಯಾವ ಬ್ಲೇಡನ್ನಾದರೂ ಹಿಡಿದು ನಾಲ್ಕು ವಿಷಯ ನೋಡಿದರೆ ಅದರ ಕೆಲಸ ಗೊತ್ತಾಗುತ್ತದೆ: ಹಲ್ಲು ಯಾವ ಕಡೆ ಮುಖ ಮಾಡಿದೆ, ಹಲ್ಲುಗಳನ್ನು ಎಡಬಲಕ್ಕೆ ಬಾಗಿಸಿದ್ದಾರೋ ಅಥವಾ ನೆಟ್ಟಗೆ ಇಟ್ಟು ಸಾಣೆ ಹಿಡಿದಿದ್ದಾರೋ, ಬ್ಲೇಡಿನ ಅಗಲ ಮತ್ತು ದಪ್ಪ ಎಷ್ಟು, ಯಾವ ಲೋಹದ್ದು.

ಉಲ್ಟಾ ಹಲ್ಲಿನ ಬ್ಲೇಡ್

ಹಿಂಬದಿಯಲ್ಲಿ ಗೆರೆ ಎಳೆಯಲಾಗದ ಕೆಲಸಗಳಿವೆ. ಗೋಡೆಗೆ ಕೂರಿಸಿಯಾಗಿರುವ ಟಿವಿ ಪ್ಯಾನೆಲ್‌ನಲ್ಲಿ ಸ್ವಿಚ್ ಬಾಕ್ಸಿಗೆ ಕಿಂಡಿ ಬೇಕು, ಸನ್ಮೈಕಾ ಅಂಟಿಸಿ ಮುಗಿದ ಟೇಬಲ್ಲಿನಲ್ಲಿ ವೈರ್ ಇಳಿಯಲು ತೂತು ಬೇಕು. ಅಲ್ಲಿ ಹಲ್ಲು ಕೆಳಮುಖವಾಗಿರುವ ಬ್ಲೇಡ್ ಬೇಕಾಗುತ್ತದೆ. ಬಾಷ್‌ನವರಲ್ಲಿ ಇದರ ಗುರುತು ಟಿ 101 ಬಿಆರ್, ಕೊನೆಯ 'ಆರ್' ಎಂದರೆ ಉಲ್ಟಾ. ಹಲ್ಲಿನಿಂದ ಹಲ್ಲಿಗೆ ಅಂತರ 2.5 ಮಿ.ಮೀ., ಅಂದರೆ ಇಂಚಿಗೆ 10 ಹಲ್ಲು. ಇದು ಕೊಯ್ಯುವುದು ಕೆಳಗೆ ಹೋಗುವಾಗ. ಮೇಲಿನ ಸನ್ಮೈಕಾ ಅಡಿಯಲ್ಲಿರುವ ಪ್ಲೈಗೆ ಒತ್ತಿಕೊಂಡೇ ಇರುವುದರಿಂದ ಚಕ್ಕೆ ಏಳುವುದಿಲ್ಲ. ಹೊಟ್ಟೂ ಕೆಳಗೇ ಉದುರುತ್ತದೆ, ಗೆರೆ ಕಾಣುತ್ತಿರುತ್ತದೆ.

ಇದನ್ನು ಹಾಕಿಕೊಂಡವರು ಮೊದಲ ನಿಮಿಷದಲ್ಲೇ ಬೆಚ್ಚಿಬೀಳುತ್ತಾರೆ. ಮಾಮೂಲಿ ಬ್ಲೇಡ್ ಮಷೀನನ್ನು ಹಲಗೆಯ ಕಡೆಗೆ ಎಳೆದುಕೊಳ್ಳುತ್ತದೆ, ಇದು ಮೇಲಕ್ಕೆ ತಳ್ಳುತ್ತದೆ. ಕೈ ಸಡಿಲವಾಗಿದ್ದರೆ ಬೇಸ್ (ಹಲಗೆಯ ಮೇಲೆ ಕೂರುವ ಮಷೀನಿನ ಅಡಿತಟ್ಟೆ) ಪಟಪಟ ಎಂದು ಕುಣಿದು ಸನ್ಮೈಕಾದ ಮೇಲೆ ಗೀರು ಹಾಕುತ್ತದೆ. ಆದ್ದರಿಂದ ಹಲಗೆಯನ್ನು ಕ್ಲ್ಯಾಂಪ್ ಮಾಡಿ, ಬೇಸಿನ ಅಡಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮಷೀನನ್ನು ಕೆಳಕ್ಕೆ ಒತ್ತಿಕೊಂಡೇ ಮುಂದೆ ಸರಿಸಬೇಕು. ಆರ್ಬಿಟಲ್ ಲಿವರ್ ಸೊನ್ನೆಯಲ್ಲಿರಲೇಬೇಕು. ಆರ್ಬಿಟಲ್ ಎಂದರೆ ಬ್ಲೇಡ್ ಮೇಲೆ ಬರುವಾಗ ಮುಂದಕ್ಕೆ ನೂಕಿ, ಕೆಳಗಿಳಿಯುವಾಗ ಹಿಂದಕ್ಕೆ ಎಳೆದುಕೊಳ್ಳುವ ವ್ಯವಸ್ಥೆ. ಉಲ್ಟಾ ಹಲ್ಲಿಗೆ ಅದು ಪೂರ್ತಿ ವಿರುದ್ಧ, ಕೊಯ್ಯಬೇಕಾದ ಹೊತ್ತಿಗೇ ಬ್ಲೇಡನ್ನು ಮರದಿಂದ ದೂರ ಎಳೆಯುತ್ತದೆ. 18-19 ಮಿ.ಮೀ. ಪ್ಲೈ ಇದಕ್ಕೆ ಹೇಳಿಮಾಡಿಸಿದ್ದು. ದಪ್ಪ ಸಾಗವಾನಿ, ಮತ್ತಿಗೆ ಇದನ್ನು ಹಚ್ಚಬೇಡಿ, ಮಷೀನ್ ಹಾರುತ್ತದೆಯೇ ಹೊರತು ಕೊಯ್ತ ಸಾಗುವುದಿಲ್ಲ.

ಎರಡೂ ಮುಖ ಕಾಣುವ ಕಪಾಟಿನ ಬಾಗಿಲಾದರೆ? ಉಲ್ಟಾ ಹಾಕಿದರೆ ಚಕ್ಕೆ ಕೆಳಗಿನ ಮುಖಕ್ಕೆ ಹೋಯಿತು, ಅಷ್ಟೆ. ಇಂಥಲ್ಲಿ ಹಲ್ಲಿನ ಮೂರೂ ಅಂಚನ್ನು ಸಾಣೆ ಹಿಡಿದ ಬ್ಲೇಡ್ (ಟಿ 308 ಬಿ ಅಂಥದ್ದು) ಉಪಯೋಗಕ್ಕೆ ಬರುತ್ತದೆ, ಅದು ನಾರನ್ನು ಹರಿಯುವುದಿಲ್ಲ, ಕತ್ತರಿಸುತ್ತದೆ. ಮೇಲಿನ ಮುಖದಲ್ಲಿ ಗೆರೆಯುದ್ದಕ್ಕೂ ಚೂಪಾದ ಚೂರಿಯಿಂದ ಎರಡು ಮೂರು ಸಲ ಗೀರಿ, ಬೇಸಿನ ಕಿಂಡಿಗೆ ಮಷೀನ್ ಜೊತೆ ಬಂದ ಪ್ಲಾಸ್ಟಿಕ್ ತುಂಡನ್ನು ಸಿಕ್ಕಿಸಿದರೆ ಇನ್ನೂ ಒಳ್ಳೆಯದು. ಟೇಪ್ ಅಂಟಿಸಿದರೆ ಚಕ್ಕೆ ಏಳುವುದಿಲ್ಲ ಎನ್ನುವವರಿದ್ದಾರೆ. ಗೆರೆ ಚೆನ್ನಾಗಿ ಕಾಣುತ್ತದೆ, ಗೀರು ತಪ್ಪುತ್ತದೆ ಎಂಬುದು ನಿಜ. ಚಕ್ಕೆ ತಡೆಯುವಲ್ಲಿ ಚೂರಿಯ ಗೀರಿಗೆ ಟೇಪ್ ಸಾಟಿಯಲ್ಲ.

ಸಪೂರ ಬ್ಲೇಡ್ ಏಕೆ ತಿರುಗುತ್ತದೆ

ಮಾಡಿನ ಅಂಚಿಗೆ ಹೊಡೆಯುವ ಹಲಗೆಯ ನಕಾಶಿ, ದೇವರ ಮಂಟಪದ ಕಮಾನು, ಗುಡಿಗಾರರು ಉಳಿ ಹಿಡಿಯುವ ಮುನ್ನ ತೆಗೆಯುವ ಒರಟು ಆಕಾರ, ಇವಕ್ಕೆಲ್ಲ ಬೇಕಾಗುವುದು ಬೆನ್ನು ಸಪೂರವಾದ ಬ್ಲೇಡ್. ಟಿ 119 ಬಿಒ, ಟಿ 101 ಎಒ, ಟಿ 244 ಡಿ ಈ ಜಾತಿಯವು. ಮಾಮೂಲಿ ಬ್ಲೇಡಿನ ಅಗಲ 8 ಮಿ.ಮೀ. ಆಸುಪಾಸು ಇದ್ದರೆ, ಸಣ್ಣ ವಕ್ರಗಳಿಗೆಂದೇ ಮಾಡಿದ್ದು ಸುಮಾರು ಅದರ ಅರ್ಧ.

ಅರ್ಧ ಅಗಲ ಎಂದರೆ ಎರಡು ಪಟ್ಟು ತಿರುಗುತ್ತದೆ ಎಂದುಕೊಳ್ಳುವುದು ಸಹಜ. ಲೆಕ್ಕ ಬೇರೆಯೇ ಇದೆ. ಹಲ್ಲು ಗೆರೆಯ ಮೇಲೆ ತಿರುಗುವಾಗ ಬ್ಲೇಡಿನ ಬೆನ್ನು ಕೊಯ್ದ ಸಂದಿಯ ಗೋಡೆಗೆ ತಾಗುತ್ತದೆ. ಸಂದಿ ಬ್ಲೇಡಿಗಿಂತ ಎಷ್ಟು ಅಗಲವಾಗಿದೆಯೋ ಅಷ್ಟೇ ಜಾಗ ಬೆನ್ನಿಗೆ. ಪ್ರತಿ ಬದಿಗೆ 0.2 ಮಿ.ಮೀ. ಜಾಗವಿದೆ ಎಂದಿಟ್ಟುಕೊಳ್ಳಿ. ಬ್ಲೇಡಿನ ಅಗಲವನ್ನು ಅದರಿಂದಲೇ ಗುಣಿಸಿ, ಆ ಜಾಗದ ಎರಡರಷ್ಟರಿಂದ ಭಾಗಿಸಿದರೆ ಆರಾಮಾಗಿ ತಿರುಗಬಲ್ಲ ವಕ್ರದ ತ್ರಿಜ್ಯ ಸಿಗುತ್ತದೆ. 8 ಮಿ.ಮೀ. ಬ್ಲೇಡಿಗೆ 64 ಭಾಗಿಸು 0.4, ಅಂದರೆ 160 ಮಿ.ಮೀ.; 4 ಮಿ.ಮೀ. ಬ್ಲೇಡಿಗೆ 16 ಭಾಗಿಸು 0.4, ಕೇವಲ 40 ಮಿ.ಮೀ. ಅಗಲ ಅರ್ಧಕ್ಕಿಳಿದರೆ ತ್ರಿಜ್ಯ ಕಾಲು ಭಾಗಕ್ಕಿಳಿಯುತ್ತದೆ. ಬ್ಲೇಡ್ ಸ್ವಲ್ಪ ತಿರುಚಿಕೊಳ್ಳುವುದರಿಂದ ಕೆಲಸದಲ್ಲಿ ಇದಕ್ಕಿಂತ ಸಣ್ಣ ಸುತ್ತೂ ಸಿಗುತ್ತದೆ. ಆದರೆ ಆ ತಿರುಚುವಿಕೆಯೇ ಕೊಯ್ತವನ್ನು ಓರೆ ಮಾಡುವುದು.

ಬಾಗಿಸಿದ ಹಲ್ಲು, ನೆಟ್ಟಗಿನ ಹಲ್ಲು ಎಂಬ ವ್ಯತ್ಯಾಸವೂ ಇಲ್ಲಿಗೇ ಬಂದು ಸೇರುತ್ತದೆ. ಹಲ್ಲು ಎಡಬಲಕ್ಕೆ ಬಾಗಿದ್ದರೆ ಸಂದಿ ಅಗಲ, ತಿರುಗಲು ಸಲೀಸು, ಅಂಚು ಒರಟು. ನೆಟ್ಟಗಿನ ಹಲ್ಲಿಗೆ ಸಾಣೆ ಹಿಡಿದು ಬೆನ್ನಿನ ಕಡೆ ತೆಳುಮಾಡಿದ್ದರೆ ಅಂಚು ನುಣುಪು, ಆದರೆ ಸಂದಿ ಬಿಗಿ. ಅಂಚುಹಲಗೆಗೆ ಬಾಗಿಸಿದ ಹಲ್ಲಿನದೇ ಸಾಕು, ಹೇಗೂ ಅರ, ಪಾಲಿಶ್ ಕಾಗದ ಬೀಳುತ್ತದೆ.

ನಕಾಶಿ ಹಲಗೆ ಕೊಯ್ಯುವಾಗ ಕ್ರಮ ತಪ್ಪಿದರೆ ಹಲಗೆ ಕೆಡುತ್ತದೆ. 6 ಮಿ.ಮೀ. ಪ್ಲೈನಲ್ಲಿ ಒಂದು ಅಚ್ಚು ಮಾಡಿ ಆಕಾರ ಗುರುತಿಸಿ. ಎರಡು ವಕ್ರಗಳು ಒಳಮೂಲೆಯಲ್ಲಿ ಕೂಡುವ ಕಡೆಗಳಲ್ಲೆಲ್ಲ 8 ಅಥವಾ 10 ಮಿ.ಮೀ. ತೂತು ಮೊದಲೇ ಕೊರೆಯಿರಿ. ಅಲ್ಲಿ ಬ್ಲೇಡ್ ತಿರುಗಲಾರದು, ತಿರುಗಿಸಹೋದರೆ ಸುಟ್ಟು ಕಪ್ಪಾಗುತ್ತದೆ. ಹಲಗೆಯ ನಡುವಿನ ಕಿಂಡಿಗಳಿದ್ದರೆ ಅವನ್ನು ಮೊದಲು ತೆಗೆದು, ಹೊರ ಅಂಚನ್ನು ಕೊನೆಗೆ ಕೊಯ್ಯಬೇಕು, ಹೊರಗಿನದು ಮೊದಲೇ ಹೋದರೆ ಕ್ಲ್ಯಾಂಪಿಗೂ ಬೇಸಿಗೂ ಜಾಗ ಉಳಿಯುವುದಿಲ್ಲ. ಪ್ರತಿ ವಕ್ರವನ್ನೂ ಉಬ್ಬಿನ ತುದಿಯಿಂದ ತೂತಿನ ಕಡೆಗೆ ಕೊಯ್ಯಿರಿ, ಎರಡು ಕಡೆಯಿಂದಲೂ ತೂತಿಗೆ ಬಂದು ಸೇರಿದಾಗ ತುಂಡು ತಾನೇ ಬೀಳುತ್ತದೆ. ಬದಿಗೆ ಒತ್ತಿ ತಿರುಗಿಸಬೇಡಿ. ಮಷೀನಿನ ಹಿಂಭಾಗವನ್ನು ಬೀಸಿಕೊಂಡು ತಿರುಗಬೇಕು, ಮುಂದೆ ತಳ್ಳುವ ಒತ್ತಡ ಯಾವಾಗಲೂ ಬ್ಲೇಡಿನ ಬೆನ್ನಿನ ನೇರಕ್ಕಿರಬೇಕು. ತೀರ ಸೂಕ್ಷ್ಮ ಜಾಲಂದ್ರ ಕೆಲಸವಾದರೆ ಜಿಗ್‌ಸಾ ಬಿಟ್ಟು ಸ್ಕ್ರೋಲ್ ಸಾ ಹಿಡಿಯುವುದೇ ಲೇಸು, ಅದರ ಬ್ಲೇಡಿಗೆ ಎರಡೂ ತುದಿಯಲ್ಲಿ ಹಿಡಿತವಿದೆ. ಬಾಸಿಂಗದ ಬೆಂಡಿಗಂತೂ ಮಷೀನೇ ಬೇಡ, ಚೂರಿ ಸಾಕು.

ದಪ್ಪ ಮರದಲ್ಲಿ ಓರೆಯಾಗುವುದು

ಮೇಲೆ ಗೆರೆ ಸರಿಯಾಗಿದೆ, ಕೆಳಗೆ ನೋಡಿದರೆ 3-4 ಮಿ.ಮೀ. ಆಚೆ ಹೋಗಿದೆ. ಜಿಗ್‌ಸಾ ಹಿಡಿದವರಿಗೆಲ್ಲ ಗೊತ್ತಿರುವ ಪೀಡೆ ಇದು. ಮತ್ತಿ, ಹೊನ್ನೆಯಲ್ಲಿ ಇದು ಹೆಚ್ಚು, ಎಳೆ ಒಂದಕ್ಕೊಂದು ಹೆಣೆದುಕೊಂಡ ಗಟ್ಟಿ ಮರದಲ್ಲಿ ಬ್ಲೇಡಿನ ಸಡಿಲ ತುದಿ ಎಳೆ ಹೋದ ಕಡೆಗೆ ಜಾರುತ್ತದೆ. ನೇರ ಕೊಯ್ತಕ್ಕೆ ಮದ್ದು ದಪ್ಪ ಮೈಯ ಬ್ಲೇಡ್, ಉದಾಹರಣೆಗೆ ಟಿ 144 ಡಿಪಿ. ಹಲ್ಲಿನ ಅಂತರ ಟಿ 144 ಡಿ ಥರದ್ದೇ, ಸುಮಾರು 4 ಮಿ.ಮೀ., ಮೈ ಮಾತ್ರ ದಪ್ಪ. ತಗಡು ಎರಡು ಪಟ್ಟು ದಪ್ಪವಾದರೆ ಬಾಗುವುದು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ, ಹಾಗಾಗಿ ಸ್ವಲ್ಪ ದಪ್ಪ ಹೆಚ್ಚಿಸಿದರೂ ವ್ಯತ್ಯಾಸ ದೊಡ್ಡದು. ಇದರಲ್ಲಿ ವಕ್ರ ಕೊಯ್ಯಲು ಹೋಗಬಾರದು.

ಬ್ಲೇಡ್ ಬದಲಿಸಿದರೂ ಓರೆ ಹೋಗದಿದ್ದರೆ ನೋಡಬೇಕಾದದ್ದು ರೋಲರನ್ನು. ಬ್ಲೇಡಿನ ಬೆನ್ನಿಗೆ ಆನಿಸಿಕೊಂಡು ತಿರುಗುವ ಸಣ್ಣ ಗಾಲಿ ಅದು. ಹೊಟ್ಟು ಮೆತ್ತಿಕೊಂಡು ತಿರುಗದಿದ್ದರೆ, ಸವೆದು ಬೆನ್ನಿಗೆ ತಾಗದಿದ್ದರೆ ಯಾವ ಬ್ಲೇಡೂ ನೆಟ್ಟಗೆ ನಿಲ್ಲದು. ಆಮೇಲೆ ಬೇಸ್ 90 ಡಿಗ್ರಿಗಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡಿ. ಮೂರನೆಯದು ಅವಸರ: ಮಷೀನಿನ ಧ್ವನಿ ಇಳಿಯುವಷ್ಟು ತಳ್ಳಿದರೆ ಬ್ಲೇಡ್ ಬಾಗಲೇಬೇಕು.

ದಪ್ಪ ಮರಕ್ಕೆ ಸಣ್ಣ ಹಲ್ಲು ಹಾಕಿದರೆ ನುಣುಪಾಗಿ ಬರುತ್ತದೆ ಎಂದು ಕೆಲವರು ಇಂಚಿಗೆ 20 ಹಲ್ಲಿನದನ್ನು 50 ಮಿ.ಮೀ. ತೊಲೆಗೆ ಹಚ್ಚುತ್ತಾರೆ. ಹಲ್ಲುಗಳ ನಡುವಿನ ಗುಳಿ ಹೊಟ್ಟು ಹೊರುವ ಜಾಗ, ಸಣ್ಣ ಗುಳಿ ಅರ್ಧ ದಾರಿಯಲ್ಲೇ ತುಂಬಿಬಿಡುತ್ತದೆ. ಮುಂದೆ ಹಲ್ಲು ಕೊಯ್ಯುವುದಿಲ್ಲ, ತಿಕ್ಕುತ್ತದೆ, ಬಿಸಿಗೆ ಉಕ್ಕಿನ ಹದ ಇಳಿಯುತ್ತದೆ, ಮರ ಕಪ್ಪಾಗುತ್ತದೆ. ತೆಳು ವಸ್ತುವಿಗೆ ಉಲ್ಟಾ ತೊಂದರೆ: ಕನಿಷ್ಠ ಎರಡು ಮೂರು ಹಲ್ಲಾದರೂ ಒಮ್ಮೆಗೇ ದಪ್ಪದೊಳಗೆ ಇರಬೇಕು. 4 ಮಿ.ಮೀ. ಪ್ಲೈಗೆ 4 ಮಿ.ಮೀ. ಅಂತರದ ಹಲ್ಲು ಹಾಕಿದರೆ ಹಲಗೆಯೇ ಮೇಲೆ ಕೆಳಗೆ ಕುಣಿಯುತ್ತದೆ.

ಉದ್ದದ ಲೆಕ್ಕವೂ ಬೇಕು. ಬ್ಲೇಡ್ ಪೂರ್ತಿ ಮೇಲೆ ಬಂದಾಗಲೂ ತುದಿ ಮರದ ಕೆಳಗೆ ಕಾಣುತ್ತಿರಬೇಕು. ಮಷೀನಿನ ಸ್ಟ್ರೋಕ್ (ಬ್ಲೇಡ್ ಮೇಲೆ ಕೆಳಗೆ ಆಡುವ ದೂರ) 26 ಮಿ.ಮೀ., ಮರ 75 ಮಿ.ಮೀ. ಆದರೆ ಬ್ಲೇಡ್ ಕೆಳಗಿಳಿದಾಗ ಬೇಸಿನಿಂದ 101 ಮಿ.ಮೀ.ಗಿಂತ ಹೆಚ್ಚು ಹೊರಬರಬೇಕು. ಕಡಿಮೆಯಾದರೆ ತುದಿ ಸಂದಿಯೊಳಗೆ ಸಿಕ್ಕು ಮರಕ್ಕೇ ಗುದ್ದಿ ಬಾಗುತ್ತದೆ, ಇಲ್ಲವೇ ಮುರಿಯುತ್ತದೆ. ಬೇಕಿದ್ದಕ್ಕಿಂತ ಉದ್ದದ್ದೂ ಬೇಡ, ಉದ್ದ ಹೆಚ್ಚಿದಷ್ಟೂ ಬಾಗು ಹೆಚ್ಚು.

ಗೋಡೆಯವರೆಗೆ ಕೊಯ್ಯುವ ಬ್ಲೇಡ್

ಹಳೆಯ ಮನೆಯ ಮುಚ್ಚಿಗೆಯಲ್ಲಿ (ಕೋಣೆಯ ಮೇಲಿನ ಹಲಗೆಯ ಹೊದಿಕೆಯಲ್ಲಿ) ಅಟ್ಟಕ್ಕೆ ಹೊಸ ಕಿಂಡಿ ತೆಗೆಯಬೇಕು, ಹಲಗೆ ಗೋಡೆಗೆ ತಾಗಿದೆ. ಮಾಮೂಲಿ ಬ್ಲೇಡ್ ಬೇಸಿನ ಮುಂತುದಿಗಿಂತ ಮೂರು ನಾಲ್ಕು ಸೆಂ.ಮೀ. ಹಿಂದೆ ಇರುವುದರಿಂದ ಅಷ್ಟು ಭಾಗ ಕೊಯ್ಯದೇ ಉಳಿಯುತ್ತದೆ. ಇದಕ್ಕೆಂದೇ ಇರುವ ಬ್ಲೇಡಿನ ಹಲ್ಲಿನ ಭಾಗ ಕೊಕ್ಕಿನಂತೆ ಮುಂದಕ್ಕೆ ಚಾಚಿರುತ್ತದೆ, ಹಲ್ಲಿನ ಸಾಲು ಬೇಸಿನ ತುದಿಗೆ ಸಮವಾಗಿ ಬರುತ್ತದೆ. ಹೊಸ ನೆಲ ಹಾಸುವಾಗ ದಾರಂದದ ಬುಡ ಕೊಯ್ಯಲು, ಗೋಡೆಯೊಳಗಿನ ಕಪಾಟಿನ ಅಡ್ಡಹಲಗೆ ತೆಗೆಯಲು ಒಳ್ಳೆಯದು. ಹಲ್ಲು ಹಿಡಿತದಿಂದ ಮುಂದೆ ಇರುವುದರಿಂದ ಪ್ರತಿ ಹೊಡೆತಕ್ಕೂ ಬುಡ ತಿರುಚುತ್ತದೆ, ಆರ್ಬಿಟಲ್ ಸೊನ್ನೆ, ವೇಗ ಮಧ್ಯಮ, ತಳ್ಳುವುದು ನಿಧಾನ. ಬೇಸಿನ ಮುಂಭಾಗ ತೆರೆದಿರುವ ಮಷೀನಿಗೆ ಮಾತ್ರ ಇದು ಹೊಂದುತ್ತದೆ. ಪ್ಲಗ್ ತೆಗೆದಿಟ್ಟು ಬ್ಲೇಡನ್ನು ಕೈಯಲ್ಲೇ ಮೇಲೆ ಕೆಳಗೆ ಆಡಿಸಿ, ಎಲ್ಲೂ ತಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಶುರುಮಾಡಿ. ಮುಚ್ಚಿಗೆಯ ಮೇಲೆ ವೈರ್ ಹಾದಿದೆಯೇ ಎಂದು ನೋಡುವುದು ಅದಕ್ಕೂ ಮೊದಲಿನ ಕೆಲಸ.

ಹಳೆಯ ಮರ ಎಂದಾಗ ಮೊಳೆಯ ಮಾತೂ ಬರುತ್ತದೆ. ಮಾಡಿನ ಪಕ್ಕಾಸು, ರೀಪುಗಳಲ್ಲಿ ತುಕ್ಕು ಹಿಡಿದ ಮೊಳೆ ಒಳಗೇ ಮುರಿದು ಕುಳಿತಿರುತ್ತದೆ. ಸಾದಾ ಕಾರ್ಬನ್ ಉಕ್ಕಿನ ಬ್ಲೇಡ್ ಅದಕ್ಕೆ ತಾಗಿದ ಕೂಡಲೇ ಹಲ್ಲು ಕಳೆದುಕೊಳ್ಳುತ್ತದೆ. ಅಲ್ಲಿಗೆ ಬೈಮೆಟಲ್ ಬೇಕು, ಗುರುತಿನ ಕೊನೆಗೆ 'ಎಫ್' ಇರುವುದು. ಹಲ್ಲಿನ ಅಂಚು ಹೈಸ್ಪೀಡ್ ಉಕ್ಕು, ಮೈ ಬಾಗುವ ಉಕ್ಕು, ಎರಡನ್ನೂ ಬೆಸೆದಿರುತ್ತಾರೆ. ಪೂರ್ತಿ ಹೈಸ್ಪೀಡ್ ಉಕ್ಕಿನದು ಗಟ್ಟಿ, ಆದರೆ ಬಾಗಿದರೆ ಪಟ್ಟನೆ ಮುರಿಯುತ್ತದೆ. ತೆಂಗಿನ ಮರಕ್ಕೂ ಬೈಮೆಟಲ್ಲೇ ಸರಿ. ಹೊರಸುತ್ತು ಕಬ್ಬಿಣದಂತೆ ಗಟ್ಟಿ, ಒಳಗೆ ಮೆದು, ನಾರು ಹಲ್ಲನ್ನು ಬೇಗ ತಿನ್ನುತ್ತದೆ. ಸಾಗವಾನಿಯಲ್ಲಿರುವ ಸಿಲಿಕಾ ಕೂಡ ಅದೇ ಕೆಲಸ ಮಾಡುತ್ತದೆ. ಅಡಿಕೆ ದಬ್ಬೆಯನ್ನು ಅಡ್ಡ ಕೊಯ್ಯುವಾಗ ಸಿಬಿರು ಏಳದಂತೆ ಸಣ್ಣ ಹಲ್ಲಿನದನ್ನು ಹಾಕಿ, ಕೆಳಗೊಂದು ರದ್ದಿ ಪ್ಲೈ ಇಟ್ಟು ಎರಡನ್ನೂ ಒಟ್ಟಿಗೇ ಕೊಯ್ಯಬೇಕು.

ಹಲ್ಲೇ ಇಲ್ಲದ ಬ್ಲೇಡ್‌ಗಳು

ಎರಡು ಜಾತಿ ಇವೆ, ಕೆಲಸ ಒಂದಕ್ಕೊಂದು ಸಂಬಂಧವಿಲ್ಲದ್ದು. ಒಂದು ಚೂರಿಯಂಥದ್ದು, ಅಂಚು ಅಲೆಅಲೆಯಾಗಿ ಹರಿತ ಮಾಡಿದ್ದು (ಟಿ 113 ಎ, ಉದ್ದದ್ದು ಬೇಕಾದರೆ ಟಿ 313 ಎಡಬ್ಲ್ಯೂ). ಫೋಮ್, ರಬ್ಬರ್ ಹಾಳೆ, ಚರ್ಮ, ದಪ್ಪ ರಟ್ಟು, ಥರ್ಮಾಕೋಲ್ ಇದರ ಪಾಲು. ಸೋಫಾ, ದಿವಾನ್ ಮಾಡುವವರು ಇದನ್ನೊಮ್ಮೆ ನೋಡಬೇಕು, ಹಲ್ಲಿನ ಬ್ಲೇಡ್ ಫೋಮನ್ನು ಕಿತ್ತು ಚೂರುಚೂರು ಮಾಡುವ ಕಡೆ ಇದು ಹಲ್ವ ಕತ್ತರಿಸಿದಂತೆ ಸಾಗುತ್ತದೆ. ಥರ್ಮಾಕೋಲಿಗೆ ವೇಗ ತೀರ ಕಡಿಮೆ ಇರಲಿ, ಇಲ್ಲವಾದರೆ ಕರಗಿ ಅಂಟಿಕೊಳ್ಳುತ್ತದೆ.

ಇನ್ನೊಂದು ಅಂಚಿಗೆ ಕಾರ್ಬೈಡಿನ ಹರಳು ಅಂಟಿಸಿದ್ದು, ಮುಟ್ಟಿದರೆ ಉಪ್ಪುಕಾಗದದ ಹಾಗಿರುತ್ತದೆ. ಹೆಸರು ಟಿ 130 ರಿಫ್, ಟಿ 150 ರಿಫ್. ಗೋಡೆಯ ಟೈಲ್ಸಿನಲ್ಲಿ ಪೈಪಿಗಾಗಿ ಗುಂಡನೆಯ ಕಿಂಡಿ ತೆಗೆಯಲು ಬರುತ್ತದೆ. ನೇರ ಗೆರೆಗೆ ಕಟ್ಟರ್ ಮಷೀನೇ ಬೇಗ. ಕರಾವಳಿಯಲ್ಲಿ ಇದರ ನಿಜವಾದ ಉಪಯೋಗ ಫೈಬರ್ ಹೊದಿಸಿದ ದೋಣಿಗಳಲ್ಲಿ. ಮರೈನ್ ಪ್ಲೈ ಮೇಲೆ ಗಾಜಿನ ನಾರು ಮತ್ತು ರೆಸಿನ್ ಹೊದಿಸಿದ ದೋಣಿಯಲ್ಲಿ ಹಾಳಾದ ಭಾಗ ಕೊಯ್ದು ತೆಗೆಯುವಾಗ ಗಾಜಿನ ನಾರು ಉಕ್ಕಿನ ಹಲ್ಲನ್ನು ಸ್ವಲ್ಪ ಹೊತ್ತಿನಲ್ಲೇ ಬೋಳು ಮಾಡುತ್ತದೆ, ಹರಳಿನ ಬ್ಲೇಡ್ ತಡೆದುಕೊಳ್ಳುತ್ತದೆ. ಒಳಗೆ ಪ್ಲೈ ದಪ್ಪವಾಗಿದ್ದರೆ ಮಾತ್ರ ಹರಳಿನದು ಬಹಳ ನಿಧಾನ, ಕಾರ್ಬೈಡ್ ಹಲ್ಲಿನದು (ಗುರುತಿನಲ್ಲಿ 'ಎಚ್‌ಎಂ') ಚುರುಕು. ಫೈಬರ್ ಸಿಮೆಂಟ್ ಶೀಟಿಗೂ ಎಚ್‌ಎಂ ಸರಿ. ಈ ಎಲ್ಲದಕ್ಕೂ ಕನ್ನಡಕ, ಒಳ್ಳೆಯ ಮಾಸ್ಕ್, ಮೈಮುಚ್ಚುವ ಬಟ್ಟೆ ಬೇಕು. ಕೊಟ್ಟಿಗೆಯ ಹಳೆಯ ಆಸ್ಬೆಸ್ಟಾಸ್ ಶೀಟನ್ನು ಮಾತ್ರ ಯಾವ ಬ್ಲೇಡಿನಿಂದಲೂ ಕೊಯ್ಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ವಿಷ.

ಬ್ಲೇಡಿನ ಜಾಗಕ್ಕೆ ಸಿಕ್ಕಿಸುವ ಒರಟು ಅರವೂ ಸಿಗುತ್ತದೆ, ಕಮಾನಿನ ಒಳಮೈ ತೀಡಲು. ಕೈಯಲ್ಲಿ ಅರ ಹಿಡಿದರೇ ಹದ ತಿಳಿಯುವುದು ಹೆಚ್ಚು. ಹತ್ತಾರು ಒಂದೇ ಥರದ ತುಂಡುಗಳಿದ್ದರೆ ಮಾತ್ರ ಕೊಳ್ಳಿ, ವೇಗ ತಗ್ಗಿಸಿ, ಆರ್ಬಿಟಲ್ ಸೊನ್ನೆಯಲ್ಲಿಡಿ. ಎರಡೂ ಅಂಚಿಗೆ ಹಲ್ಲಿರುವ ಬ್ಲೇಡನ್ನು ಬೆನ್ನಿಗೆ ರೋಲರ್ ಆನಿಕೊಳ್ಳುವ ಮಷೀನಿಗೆ ಹಾಕಿದರೆ ಹಲ್ಲೂ ಹಾಳು, ರೋಲರೂ ಹಾಳು.

ಗುರುತು, ತುಕ್ಕು

ಕೊಳ್ಳುವಾಗ ಮೊದಲು ಬುಡ ನೋಡಿ. ಈಗಿನ ಹೆಚ್ಚಿನ ಮಷೀನಿಗೆ ಇಂಗ್ಲಿಷ್ 'ಟಿ' ಅಕ್ಷರದ ಆಕಾರದ ಬುಡ, ಕೆಲವು ಹಳೆಯವಕ್ಕೆ 'ಯು' ಆಕಾರದ್ದು, ಒಂದರದ್ದು ಇನ್ನೊಂದಕ್ಕೆ ಕೂರದು. ಬಾಷ್ ಗುರುತಿನಲ್ಲಿ ಮೊದಲ ಅಂಕಿ ಉದ್ದದ್ದು: 1 ಎಂದರೆ ಮಾಮೂಲಿ, 3 ಎಂದರೆ ಉದ್ದ. ಅಂಕಿಗಳ ನಂತರದ ಎ, ಬಿ, ಸಿ, ಡಿ ಹಲ್ಲಿನ ಗಾತ್ರ, ಎ ಸಣ್ಣದು, ಡಿ ದೊಡ್ಡದು. ಆಮೇಲೆ ಬರುವ 'ಒ' ವಕ್ರಕ್ಕೆ. ಬೇರೆ ಹಲವು ಕಂಪನಿಗಳೂ ಇದೇ ಗುರುತನ್ನು ಪೊಟ್ಟಣದ ಮೇಲೆ ಹಾಕುತ್ತವೆ. ಮಕಿಟಾದಂಥವರದು ಸ್ವಂತ ನಂಬರ್.

ಮಳೆಗಾಲದಲ್ಲಿ, ಅದರಲ್ಲೂ ಅಂಕೋಲಾ, ಕಾರವಾರದ ಉಪ್ಪುಗಾಳಿಯಲ್ಲಿ, ತೆರೆದಿಟ್ಟ ಬ್ಲೇಡ್ ಕೆಲವೇ ದಿನಗಳಲ್ಲಿ ತುಕ್ಕಿನ ಚುಕ್ಕೆ ಹಿಡಿಯುತ್ತದೆ. ಆ ಚುಕ್ಕೆ ಹಲ್ಲಿನ ತುದಿಯಲ್ಲಾದರೆ ಹರಿತ ಹೋಯಿತು ಎಂದೇ ಅರ್ಥ. ಕೆಲಸ ಮುಗಿದ ಮೇಲೆ ಸೀಮೆಎಣ್ಣೆ ಸೋಕಿಸಿದ ಹಿತ್ತಾಳೆ ಬ್ರಶ್ಶಿನಿಂದ ಹಲಸಿನ ಅಂಟು, ರಾಳ ತೆಗೆದು, ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಸವರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತೆಂಗಿನೆಣ್ಣೆ ಬೇಡ, ಘಟ್ಟದ ಮೇಲಿನ ಚಳಿಗೆ ಗಟ್ಟಿಯಾಗಿ ಹೊಟ್ಟು ಹಿಡಿದುಕೊಳ್ಳುತ್ತದೆ. ಮರಕ್ಕೆ ಬಳಸುವ ಮುನ್ನ ಎಣ್ಣೆಯನ್ನು ಪೂರ್ತಿ ಒರೆಸಿ, ಎಣ್ಣೆ ತಾಗಿದ ಅಂಚಿಗೆ ಪಾಲಿಶ್ ಹಿಡಿಯುವುದಿಲ್ಲ.

ಹಲ್ಲು ಮುಗಿದಿದೆ ಎಂದು ತಿಳಿಯಲು ಬೆಳಕಿಗೆ ಹಿಡಿದು ನೋಡಬಹುದು: ಹರಿತವಾದ ತುದಿ ಹೊಳೆಯುವುದಿಲ್ಲ, ಮೊಂಡಾದ ತುದಿ ಬೆಳ್ಳಗೆ ಮಿನುಗುತ್ತದೆ. ಹೊಟ್ಟು ಕಾಳುಕಾಳಾಗಿ ಬರುವ ಬದಲು ಹಿಟ್ಟಿನಂತೆ ಬರತೊಡಗಿದರೂ ಅದೇ ಅರ್ಥ. ಸಣ್ಣ ಹಲ್ಲಿಗೆ ಮತ್ತೆ ಸಾಣೆ ಹಿಡಿಯುತ್ತ ಕೂರುವುದು ಲಾಭದ ಕೆಲಸವಲ್ಲ. ಸತ್ತ ಕಾರ್ಬನ್ ಉಕ್ಕಿನ ಬ್ಲೇಡಿನ ಹಲ್ಲನ್ನು ಗ್ರೈಂಡರಿನಲ್ಲಿ ತೆಗೆದು, ನಡುನಡುವೆ ನೀರಿಗೆ ಅದ್ದುತ್ತ ತುದಿಯನ್ನು ಓರೆಯಾಗಿ ಸಾಣೆ ಹಿಡಿದು, ಬುಡಕ್ಕೆ ಬೀಟೆಯ ಚೂರೊಂದನ್ನು ಹಿಡಿಯಾಗಿ ಕೂರಿಸಿದರೆ ಸನ್ಮೈಕಾದ ಮೇಲೆ ಗೀರು ಹಾಕಲು ಬೇಕಾದ ಚೂರಿ ಸಿದ್ಧ.